ಹಾಸು, ಹೊಕ್ಕು, ಕೊಂಡಿ

ಒಂದು ವಿಚಾರ ಬೇರ್ಪಡಿಸಲಾಗದಂತೆ ನಮ್ಮ ಬಾಳಿನಲ್ಲಿ ಬೆರೆತಿದ್ದರೆ ಅದು ‘ಹಾಸುಹೊಕ್ಕಾಗಿದೆ’ ಎನ್ನುತ್ತೇವೆ. ಸಾಹಿತ್ಯ ವಿಮರ್ಶಕರಿಗೆ ಪ್ರಿಯವಾದ ಈ ಮಾತು ಹುಟ್ಟಿದ್ದು ಮಗ್ಗದಲ್ಲಿ. ಉದ್ದಕ್ಕೆ ಬಿಗಿದ ನೂಲು ಹಾಸು. ಲಾಳಿಯೊಡನೆ ಅಡ್ಡ ಹಾಯುವ ನೂಲು ಹೊಕ್ಕು. ವಚನಕಾರರಲ್ಲಿ ಬಹು ಹಿಂದಿನವನೆಂದು ಗಣಿಸಲಾಗುವ ಜೇಡರ ದಾಸಿಮಯ್ಯ, ಇಂದಿನ ಯಾದಗಿರಿ ಜಿಲ್ಲೆಯ ಮುದನೂರಿನವನು, ನೇಯ್ಗೆಯ ಕಾಯಕದವನು. ‘ಜೇಡ’ ಎಂದರೆ ನೇಕಾರ. ಬಲೆ ನೇಯುವ ಹುಳುವಿಗೂ ಕನ್ನಡದಲ್ಲಿ ಅದೇ ಹೆಸರು. ಬಟ್ಟೆಯ ಚರಿತ್ರೆಯೂ ಭಾಷೆಯ ಚರಿತ್ರೆಯೂ ನಮ್ಮಲ್ಲಿ ಇಷ್ಟು ಹತ್ತಿರದವು.

ಈ ನಂಟನ್ನು ಚೆನ್ನಾಗಿ ಕಾಣಬೇಕಾದರೆ ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯನ್ನು ನೋಡಬೇಕು. ಅದರ ಒಡಲಿನ ಹಾಸು ಸಾಮಾನ್ಯವಾಗಿ ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಎರಡು ಬಗೆಯ ಹಾಸುಗಳನ್ನು ಎಳೆಗೆ ಎಳೆಯನ್ನು ಕೂಡಿಸಿ, ಕೊಂಡಿ ಹಾಕಿ ಬೆಸೆಯುತ್ತಾರೆ. ಆದ್ದರಿಂದ ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿಯೇ ಸಿದ್ಧಪಡಿಸಬೇಕು. ಕೆಂಪು ಸೆರಗಿನಲ್ಲಿ ಬಿಳಿಯ ಬಣ್ಣದಿಂದ ಮೂಡುವ ಚಿತ್ತಾರಕ್ಕೆ ‘ತೋಪು ತೆನೆ’ ಎಂದು ಹೆಸರು.

‘ತೆನೆ’ ಎಂಬ ಪದವನ್ನು ಗಮನಿಸಿ. ಜೋಳದ ತೆನೆಯೂ ತೆನೆಯೇ, ಕೋಟೆಯ ಗೋಡೆಯ ಮೇಲಣ ತೆನೆಯೂ ತೆನೆಯೇ. ಸೆರಗನ್ನು ಕಂಡ ಒಕ್ಕಲಿಗನಿಗೆ ಹೊಲ ನೆನಪಾದರೆ, ಚರಿತ್ರೆ ಓದಿದವನಿಗೆ ಬಾದಾಮಿ, ಬಿಜಾಪುರಗಳ ಕೋಟೆಗಳು ನೆನಪಾದಾವು. ಎರಡೂ ತಪ್ಪಲ್ಲ. ಆ ನಾಡಿನ ಬಾಳು ಹೊಲ ಕೋಟೆಗಳ ನಡುವೆಯೇ ಸಾಗಿತ್ತು.

ಮಗ್ಗದಿಂದ ಇಳಿದ ಸೀರೆಗೆ ಧಾರವಾಡದ ಕಡೆಯ ಹೆಂಗಸರು ಕಸೂತಿ ಹಾಕುತ್ತಿದ್ದರು. ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳು. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆ ಎಣಿಸಿಯೇ ತೇರು, ಗೋಪುರ, ಅಂಬಾರಿಯ ಆನೆ, ತುಳಸಿಕಟ್ಟೆಗಳನ್ನು ಮೂಡಿಸಬೇಕು. ಅಕ್ಷರ ಕಲಿಯುವ ಅವಕಾಶವಿಲ್ಲದ ಎಷ್ಟೋ ತಾಯಂದಿರು ತಾವು ಕಂಡ ಲೋಕವನ್ನು ಬರೆದಿಟ್ಟದ್ದು ಹೀಗೆ.

ನಾಗರಬಾವಿಯ ನಮ್ಮ ಬಡಾವಣೆಯ ಅಂಗಡಿಗಳಲ್ಲಿಯೂ ಇಂದು ಇಳಕಲ್ ಎಂಬ ಹೆಸರಿನ ಸೀರೆಗಳು ದೊರೆಯುತ್ತವೆ. ಆದರೆ ಸೆರಗು ಒಡಲನ್ನು ಸೇರುವ ಕಡೆ ಕೊಂಡಿ ಇದೆಯೇ ಎಂದು ನೋಡುವವರು ವಿರಳ. ಹತ್ತಾರು ಸೀರೆಗಳಿಗೆ ಒಂದೇ ಹಾಸನ್ನು ಬಿಗಿಯುವ ವಿದ್ಯುತ್ ಮಗ್ಗಕ್ಕೆ ಪ್ರತಿ ಸೀರೆಗೂ ನಿಂತು ಕೊಂಡಿ ಹಾಕುವ ಪುರುಸೊತ್ತು ಎಲ್ಲಿಯದು? 1975ರಲ್ಲಿ ರಾಜ್ಯದಲ್ಲಿ ಕೈಮಗ್ಗ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕೇಂದ್ರದ ಕಾಯಿದೆ 1985ರಲ್ಲಿ ಬಂದಿತು. ಇಳಕಲ್ ಸೀರೆಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಇವೆಲ್ಲ ಬೇಕಾದವುಗಳೇ. ಆದರೂ ದಿನವಿಡೀ ದುಡಿದ ನೇಕಾರನಿಗೆ ಸಂಸಾರ ತೂಗಿಸುವಷ್ಟು ಕೂಲಿ ಹುಟ್ಟದಿದ್ದರೆ ಅವನ ಮಗ ಮಗ್ಗದ ಗುಂಡಿಗೆ ಇಳಿಯುವುದಿಲ್ಲ. ಇಳಿಯಬೇಕೆಂದು ಹೇಳುವ ಅಧಿಕಾರ ನಮಗೂ ಇಲ್ಲ.

ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಸೀರೆ ಉಳಿಯಬಹುದು. ಕೊಂಡಿ ಹಾಕುವ ಬೆರಳಿನ ಅರಿವು ಅಲ್ಲಿ ಉಳಿಯದು. ನಿಘಂಟಿನಲ್ಲಿ ಪದ ಉಳಿದು ಆಡುವವರು ಇಲ್ಲವಾದಂತೆಯೇ ಅದು. ಪರಂಪರೆಯ ಅಭಿಮಾನ ನಿಜವಾದದ್ದಾದರೆ ಕೊಳ್ಳುವಾಗ ಸೀರೆಯ ಸೆರಗನ್ನು ತಿರುಗಿಸಿ ನೋಡೋಣ. ಕೊಂಡಿ ಕಂಡರೆ ಬೆಲೆಯಲ್ಲಿ ಚೌಕಾಸಿ ಮಾಡದಿರೋಣ.