ಮನೆಯ ನೀರಿನ ಕೊಳವೆಗಳು: ಕೆಡುವ ಮುನ್ನವೇ ಇರಲಿ ಕಾಳಜಿ

ಮೇ ತಿಂಗಳು ಬಂತೆಂದರೆ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಊರಿಗೆ ಹೊರಡುವ ಸಡಗರ. ಗ್ಯಾಸ್ ಮುಚ್ಚುತ್ತೇವೆ, ಕಿಟಕಿಗಳನ್ನು ಭದ್ರಪಡಿಸುತ್ತೇವೆ, ಬೀಗವನ್ನು ಎರಡೆರಡು ಬಾರಿ ಜಗ್ಗಿ ನೋಡುತ್ತೇವೆ. ಆದರೆ ಮನೆಯೊಳಗೆ ಬರುವ ನೀರನ್ನು ನಿಲ್ಲಿಸಿ ಹೋಗುವವರು ವಿರಳ. ಕೆಲವು ವರ್ಷಗಳ ಹಿಂದೆ ನಾವೂ ಹಾಗೆಯೇ ಹೊರಟಿದ್ದೆವು. ಊರು ಸೇರಿದ ನಾಲ್ಕನೆಯ ದಿನ ನಮ್ಮ ಸೊಸೈಟಿಯ ಕಾರ್ಯದರ್ಶಿಯವರಿಂದ ಕರೆ ಬಂತು: ನಮ್ಮ ಸ್ನಾನಗೃಹದಿಂದ ಕೆಳಗಿನ ಮನೆಗೆ ನೀರು ಇಳಿಯುತ್ತಿದೆ!

ಎದುರು ಮನೆಯವರ ಬಳಿ ಕೀಲಿಕೈ ಇತ್ತು. ಆದರೆ ಒಳಗೆ ಹೋದವರಿಗೆ ವಾಲ್ವ್ ತಿರುಗಿಸಲಾಗಲಿಲ್ಲ. ವರ್ಷಗಟ್ಟಲೆ ಯಾರೂ ಮುಟ್ಟದೆ ಅದು ಬಿಗಿದುಕೊಂಡಿತ್ತು. ಬಲವಾಗಿ ತಿರುಗಿಸಿದಾಗ ಹಿಡಿಯೇ ಮುರಿಯಿತು. ಕೊನೆಗೆ ತಾರಸಿಯ ಮೇಲಿನ ವಾಲ್ವ್ ಮುಚ್ಚಿ, ನಮ್ಮ ಸಾಲಿನ ಎಲ್ಲ ಮನೆಗಳಿಗೂ ಅರ್ಧ ದಿನ ನೀರು ನಿಲ್ಲಿಸಬೇಕಾಯಿತು. ಕಾರಣ ನೋಡಿದರೆ ಅತ್ಯಲ್ಪ: ಬೇಸಿನ್ನಿನ ಕೆಳಗೆ ನಲ್ಲಿಗೆ ನೀರೊದಗಿಸುವ, ಪ್ಲಂಬರುಗಳು ಕನೆಕ್ಷನ್ ಪೈಪ್ ಎನ್ನುವ ಮೆದುಕೊಳವೆ ಹಳತಾಗಿ ಸೀಳಿತ್ತು. ಕೆಳಗಿನ ಮನೆಯ ವೃದ್ಧೆ ಒಂದೇ ಒಂದು ಕಟುಮಾತನ್ನೂ ಆಡಲಿಲ್ಲ. ಅವರ ಮಲಗುವ ಕೋಣೆಯ ಚಾವಣಿಯಲ್ಲಿ ಹಬ್ಬಿದ್ದ ಕಂದು ಕಲೆಯನ್ನು ಕಂಡಾಗ ನಮಗಾದ ಸಂಕೋಚ ಮಾತ್ರ ಇಂದಿಗೂ ಮರೆತಿಲ್ಲ.

ಊರಿನಲ್ಲಿ ನಮ್ಮ ಹಿರಿಯರು ಬೇಸಿಗೆಯಲ್ಲಿ ಬಾವಿಯ ಹೂಳು ತೆಗೆಸುತ್ತಿದ್ದರು. ಮಳೆಗೆ ಮುನ್ನ ಒಡೆದ ಹಂಚು ಬದಲಿಸಿ, ಅಂಗಳದ ತೋಡು ಬಿಡಿಸುತ್ತಿದ್ದರು. ಕೆಟ್ಟ ಮೇಲೆ ಸರಿಪಡಿಸುವುದಲ್ಲ, ಕಾಲಕ್ಕೆ ಸರಿಯಾಗಿ ನೋಡಿಕೊಳ್ಳುವುದು ಅವರ ರೂಢಿ. ಮಹಾನಗರಕ್ಕೆ ಬಂದ ನಾವು ಆ ರೂಢಿಯನ್ನು ಊರಲ್ಲೇ ಬಿಟ್ಟು ಬಂದೆವೇನೋ. ಇಲ್ಲಿ ನಮ್ಮ ನೆಲವೇ ಇನ್ನೊಬ್ಬರ ಚಾವಣಿ. ಆದುದರಿಂದ ಇಲ್ಲಿ ಆ ರೂಢಿಯ ಅಗತ್ಯ ಇನ್ನೂ ಹೆಚ್ಚು.

ನೀರು ಬರುವ ದಾರಿ

ಮುಂಬಯಿಗೆ ಕೊಳವೆಯ ನೀರು ಬಂದುದು 1860ರಲ್ಲಿ, ವಿಹಾರ್ ಸರೋವರದಿಂದ. ಇಂದು ವಿಹಾರ್, ತುಳಸಿ, ತಾನ್ಸಾ, ಮೋಡಕ್ ಸಾಗರ, ಮೇಲಿನ ವೈತರಣಾ, ಮಧ್ಯ ವೈತರಣಾ ಮತ್ತು ಭಾತ್ಸಾ ಎಂಬ ಏಳು ಜಲಾಶಯಗಳು ನಗರದ ದಾಹವನ್ನು ತಣಿಸುತ್ತಿವೆ. ಹೆಚ್ಚಿನ ಕಟ್ಟಡಗಳಿಗೆ ಈ ನೀರು ಬರುವುದು ದಿನದ ಕೆಲವೇ ಗಂಟೆ. ಅದು ನೆಲದಡಿಯ ತೊಟ್ಟಿಯಲ್ಲಿ ತುಂಬಿ, ಪಂಪಿನ ಮೂಲಕ ತಾರಸಿಯ ಟ್ಯಾಂಕಿಗೇರಿ, ಅಲ್ಲಿಂದ ಕೊಳವೆಗಳಲ್ಲಿ ಮನೆಮನೆಗೆ ಇಳಿಯುತ್ತದೆ.

ಮನೆಯೊಳಗೆ ಸಾಮಾನ್ಯವಾಗಿ ಅಡುಗೆಮನೆಗೆ ಒಂದು, ಸ್ನಾನಗೃಹ ಶೌಚಾಲಯಗಳಿಗೆ ಒಂದೊಂದು ವಾಲ್ವ್ ಇರುತ್ತದೆ. ಅವು ಎಲ್ಲಿವೆ ಎಂಬುದು ಮನೆಯ ಪ್ರತಿಯೊಬ್ಬರಿಗೂ, ಮಕ್ಕಳಿಗೂ ತಿಳಿದಿರಬೇಕು. ಮೂರು ತಿಂಗಳಿಗೊಮ್ಮೆ ಪ್ರತಿ ವಾಲ್ವನ್ನೂ ಪೂರ್ಣವಾಗಿ ಮುಚ್ಚಿ, ಮತ್ತೆ ತೆರೆಯಿರಿ. ಬಿಗಿಯಾಗಿದ್ದರೆ ಬಲಪ್ರಯೋಗ ಬೇಡ. ಪ್ಲಂಬರನ್ನು ಕರೆಸಿ ಬದಲಿಸಿಕೊಳ್ಳಿ. ಕನೆಕ್ಷನ್ ಪೈಪುಗಳ ಹೊರಗಿನ ಉಕ್ಕಿನ ಹೆಣಿಗೆ ಹೊಳೆಯುತ್ತಿದ್ದರೂ ಒಳಗಿನ ರಬ್ಬರು ಮುಪ್ಪಾಗಿರಬಹುದು. ತುದಿಯಲ್ಲಿ ತುಕ್ಕು, ಉಬ್ಬು ಅಥವಾ ಜಿನುಗು ಕಂಡರೆ ಒಡನೆಯೇ, ಇಲ್ಲವಾದರೆ ಐದಾರು ವರ್ಷಕ್ಕೊಮ್ಮೆಯಾದರೂ ಬದಲಿಸುವುದು ಲೇಸು.

ಹಳೆಯ ಕಟ್ಟಡಗಳಲ್ಲಿ ಸತುವು ಲೇಪಿಸಿದ ಕಬ್ಬಿಣದ ಕೊಳವೆಗಳಿವೆ. ಕಾಲಕ್ರಮೇಣ ಇವು ಒಳಗಿನಿಂದ ತುಕ್ಕು ಹಿಡಿದು ಕಿರಿದಾಗುತ್ತವೆ. ಬೆಳಿಗ್ಗೆ ಮೊದಲು ಬರುವ ನೀರು ಕೆಂಪಾಗಿದ್ದರೆ, ನೀರಿನ ರಭಸ ದಿನೇ ದಿನೇ ಕುಗ್ಗುತ್ತಿದ್ದರೆ ಅದನ್ನು ಮುನ್ಸೂಚನೆಯೆಂದೇ ತಿಳಿಯಬೇಕು.

ಹನಿಯ ಲೆಕ್ಕ

ಬ್ಯಾಂಕಿನಲ್ಲಿ ದಿನದ ಲೆಕ್ಕ ತಾಳೆಯಾಗದೆ ನಾವು ಮನೆಗೆ ಹೊರಡುವಂತಿರಲಿಲ್ಲ. ತೊಟ್ಟಿಕ್ಕುವ ನಲ್ಲಿಗೂ ಅದೇ ಶಿಸ್ತು ಸಲ್ಲುತ್ತದೆ. ನಲ್ಲಿಯ ಕೆಳಗೆ ಹತ್ತು ನಿಮಿಷ ಲೋಟವಿಟ್ಟು, ಬಿದ್ದ ನೀರನ್ನು ಅಳೆದು 144ರಿಂದ ಗುಣಿಸಿರಿ. 100 ಮಿಲಿಲೀಟರ್ ಸೇರಿದ್ದರೆ ದಿನಕ್ಕೆ 14.4 ಲೀಟರ್, 30 ದಿನಕ್ಕೆ 432 ಲೀಟರ್ ನಷ್ಟ! ಹಳೆಯ ಮಾದರಿಯ ನಲ್ಲಿಯಾದರೆ ಸವೆದ ವಾಷರ್ ಬದಲಿಸಿದರೆ ಸಾಮಾನ್ಯವಾಗಿ ಸಾಕು. ಸೋರುತ್ತದೆಂದು ಇನ್ನಷ್ಟು ಬಿಗಿಯಾಗಿ ತಿರುಗಿಸಿದರೆ ವಾಷರ್ ಮತ್ತಷ್ಟು ಬೇಗ ಸವೆಯುತ್ತದೆ. ಕಾಲು ಸುತ್ತಿಗೆ ತೆರೆಯುವ ಹೊಸ ನಲ್ಲಿಗಳಲ್ಲಿ ಒಳಗಿನ ಕಾರ್ಟ್ರಿಜನ್ನೇ ಬದಲಿಸಬೇಕಾಗುತ್ತದೆ.

ಫ್ಲಶ್ ಟ್ಯಾಂಕಿನ ಸೋರಿಕೆ ಕಣ್ಣಿಗೆ ಕಾಣದು, ಕಿವಿಗೆ ಕೇಳದು. ರಾತ್ರಿ ಮಲಗುವ ಮುನ್ನ ಟ್ಯಾಂಕಿನ ನೀರಿಗೆ ಅಡುಗೆಯ ಬಣ್ಣದ ಕೆಲವು ಹನಿ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಬಣ್ಣ ಕೆಳಗೆ ಇಳಿದು ಬಂದಿದ್ದರೆ ತಳದ ರಬ್ಬರು ಕೆಟ್ಟಿದೆಯೆಂದೋ ನೀರಿನ ಮಟ್ಟ ಮೀರಿದೆಯೆಂದೋ ಅರ್ಥ.

ನೀರು ಹೋಗುವ ದಾರಿ

ಅಡುಗೆಮನೆಯ ಸಿಂಕು ಕಟ್ಟಿಕೊಳ್ಳಲು ಎಣ್ಣೆ, ತುಪ್ಪದ ಜಿಡ್ಡೇ ಮುಖ್ಯ ಕಾರಣ. ಬಿಸಿಯಿದ್ದಾಗ ಹರಿದು ಹೋಗುವ ಜಿಡ್ಡು ಕೊಳವೆಯಲ್ಲಿ ತಣಿದು ಅಂಟಿಕೊಳ್ಳುತ್ತದೆ. ಅದಕ್ಕೆ ಚಹಾ ಚರಟ, ಅನ್ನದ ಅಗುಳು, ತೆಂಗಿನ ತುರಿ ಸೇರಿ ಗಟ್ಟಿಯಾಗುತ್ತದೆ. ಪಾತ್ರೆಯ ಜಿಡ್ಡನ್ನು ಹಳೆಯ ಕಾಗದದಿಂದ ಒರೆಸಿ ತೊಳೆಯುವುದು, ಸಿಂಕಿಗೆ ಜಾಲರಿ ಇಡುವುದು ಸುಲಭೋಪಾಯ. ವಾರಕ್ಕೊಮ್ಮೆ ಸಾಬೂನು ಬೆರೆಸಿದ ಬಿಸಿನೀರು ಸುರಿಯಬಹುದು. ಆದರೆ ಕುದಿಯುವ ನೀರು ಬೇಡ. ಪಿವಿಸಿ ಕೊಳವೆ ಮೆತ್ತಗಾಗಿ ಸಂದು ಸಡಿಲಗೊಳ್ಳುತ್ತದೆ.

ಕಟ್ಟಿಕೊಂಡಾಗ ಆಸಿಡ್ ಸುರಿಯುವ ಅಭ್ಯಾಸ ಅನೇಕರಿಗಿದೆ. ಅದು ಟೈಲ್ಸ್ ಸಂದಿನ ಸಿಮೆಂಟನ್ನೂ ಲೋಹವನ್ನೂ ತಿನ್ನುತ್ತದೆ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಸೇರಿದರಂತೂ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಕಿಟಕಿಯಿಲ್ಲದ ಸಣ್ಣ ಸ್ನಾನಗೃಹದಲ್ಲಿ ಇದು ಪ್ರಾಣಕ್ಕೇ ಸಂಚಕಾರ. ಇವೆರಡನ್ನು ಎಂದೂ ಬೆರೆಸಬಾರದು.

ಬಚ್ಚಲ ನೆಲದ ಜಾಲರಿಯ ಕೆಳಗಿರುವ ನಹಾನಿ ಟ್ರ್ಯಾಪಿನಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ. ಚರಂಡಿಯ ದುರ್ನಾತವನ್ನೂ ಜಿರಳೆಗಳನ್ನೂ ತಡೆಯುವುದು ಆ ನೀರೇ. ಬಳಸದ ಸ್ನಾನಗೃಹದಲ್ಲಿ ಅದು ಆರಿಹೋಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಒಂದು ತಂಬಿಗೆ ನೀರು ಸುರಿಯಬೇಕು. ಜಾಲರಿಯಲ್ಲಿ ಸಿಕ್ಕ ಕೂದಲನ್ನು ಒಳಗೆ ತಳ್ಳದೆ ಹೊರಗೆ ತೆಗೆಯಬೇಕು.

ತೇವದ ಕಲೆ ಕಂಡಾಗ

ಚಾವಣಿಯ ತೇವ ಬಣ್ಣ ಬಳಿದರೆ ಮುಚ್ಚಿಹೋಗುವ ದೋಷವಲ್ಲ. ಕಾಂಕ್ರೀಟಿನೊಳಗಿನ ಉಕ್ಕಿನ ಸರಳಿಗೆ ತೇವ ತಗಲಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಉಕ್ಕಿಗಿಂತ ಹೆಚ್ಚು ಜಾಗ ಆಕ್ರಮಿಸುವುದರಿಂದ ಕಾಂಕ್ರೀಟು ಬಿರಿದು, ಗಾರೆಯ ಹೆಂಟೆಗಳು ಕೆಳಗಿದ್ದವರ ತಲೆಯ ಮೇಲೇ ಬೀಳಬಹುದು.

ಮೊದಲು ಮೂಲ ಹುಡುಕಬೇಕು. ಯಾರೂ ನೀರು ಬಳಸದಿದ್ದಾಗಲೂ ಸೋರುತ್ತಿದ್ದು, ವಾಲ್ವ್ ಮುಚ್ಚಿದಾಗ ನಿಲ್ಲುತ್ತಾ ಬಂದರೆ ನೀರು ತರುವ ಕೊಳವೆಯಲ್ಲಿ ದೋಷವಿದೆ. ಸ್ನಾನದ ಬಳಿಕವಷ್ಟೇ ಹೆಚ್ಚುವುದಾದರೆ ಟೈಲ್ಸ್ ಸಂದು ಅಥವಾ ಟ್ರ್ಯಾಪಿನ ಸುತ್ತ ಬಿರುಕಿರಬಹುದು. ಮಳೆಗಾಲದಲ್ಲಿ ಮಾತ್ರ ಕಂಡರೆ ಹೊರಗೋಡೆ, ತಾರಸಿಗಳನ್ನು ಪರೀಕ್ಷಿಸಬೇಕು.

ಹೊಣೆ ಯಾರದು ಎಂಬ ಪ್ರಶ್ನೆ ಎಷ್ಟೋ ನೆರೆಹೊರೆಯ ಸ್ನೇಹಗಳನ್ನು ಕೆಡಿಸಿದೆ. ಮಹಾರಾಷ್ಟ್ರದ ಸಹಕಾರಿ ವಸತಿ ಸಂಘಗಳ ಮಾದರಿ ಉಪವಿಧಿಗಳ ಪ್ರಕಾರ ಹೊರಗಿನ ನೀರಿನ ಕೊಳವೆ, ಪಂಪು, ತೊಟ್ಟಿಗಳು, ಚರಂಡಿ ಕೊಳವೆ ಹಾಗೂ ತಾರಸಿಯ ದುರಸ್ತಿ ಸಂಘದ ಖರ್ಚು. ಮನೆಯೊಳಗಿನದು ಸದಸ್ಯರ ಖರ್ಚು. ಕೆಳಗಿನವರು ಬಂದು ಹೇಳಿದಾಗ ವಾದಕ್ಕಿಳಿಯದೆ, ಅವರೊಡನೆ ಹೋಗಿ ಕಣ್ಣಾರೆ ನೋಡಿ ಬರುವುದು ಮೊದಲ ಕರ್ತವ್ಯ.

ನೆನಪಿಗಾಗಿ ಒಂದು ಪಟ್ಟಿ

ವಾರಕ್ಕೊಮ್ಮೆ: ಜಾಲರಿಗಳ ಶುಚಿ, ಸಿಂಕಿಗೆ ಬಿಸಿನೀರು, ಬಳಸದ ಬಚ್ಚಲಿಗೆ ಒಂದು ತಂಬಿಗೆ ನೀರು. ಡ್ರಮ್ಮು, ಬಕೆಟುಗಳನ್ನು ಬರಿದು ಮಾಡಿ ಉಜ್ಜಿ ಒಣಗಿಸಿದರೆ ಸೊಳ್ಳೆಯ ಮರಿಗಳೂ ನಾಶವಾಗುತ್ತವೆ.

ತಿಂಗಳಿಗೊಮ್ಮೆ: ಸಿಂಕು, ಬೇಸಿನ್ನುಗಳ ಕೆಳಗಿನ ಸಂದುಗಳಿಗೆ ಒಣ ಕಾಗದ ಒತ್ತಿ ಜಿನುಗಿನ ಪರೀಕ್ಷೆ.

ಮೂರು ತಿಂಗಳಿಗೊಮ್ಮೆ: ವಾಲ್ವುಗಳನ್ನು ತಿರುಗಿಸುವುದು, ಫ್ಲಶ್ ಟ್ಯಾಂಕಿನ ಬಣ್ಣದ ಪರೀಕ್ಷೆ.

ವರ್ಷಕ್ಕೊಮ್ಮೆ, ಮಳೆಗೆ ಮುನ್ನ: ಟೈಲ್ಸ್ ಸಂದುಗಳ ದುರಸ್ತಿ, ಗೀಸರಿನ ತಪಾಸಣೆ. ತಾರಸಿಯ ಮಳೆನೀರಿನ ಕೊಳವೆಗಳ ಬಾಯಿ ಬಿಡಿಸುವಂತೆ, ಟ್ಯಾಂಕುಗಳ ಮುಚ್ಚಳ ಭದ್ರವಾಗಿರುವಂತೆ ಸೊಸೈಟಿಯನ್ನು ಎಚ್ಚರಿಸುವುದೂ ನಮ್ಮದೇ ಕೆಲಸ. ಮಲೇರಿಯಾ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂತಹ ತೆರೆದ ಟ್ಯಾಂಕಿನ ತಿಳಿನೀರಿನಲ್ಲೇ.

ಊರಿಗೆ ಹೊರಡುವಾಗ: ಗೀಸರ್ ಆರಿಸಿ, ಎಲ್ಲ ವಾಲ್ವುಗಳನ್ನು ಮುಚ್ಚಿ, ನಲ್ಲಿ ತಿರುಗಿಸಿ ನೀರು ನಿಂತಿದೆಯೇ ನೋಡಿ ಮತ್ತೆ ಮುಚ್ಚುವುದು. ಒಂದು ಕೀಲಿಕೈಯನ್ನು ನಂಬಿಕೆಯ ನೆರೆಮನೆಯಲ್ಲಿ ಕೊಟ್ಟು, ವಾಲ್ವ್ ಇರುವ ಸ್ಥಳವನ್ನೂ ತಿಳಿಸುವುದು. ಊರಿನ ಮನೆಗೆ ಬೀಗ ಹಾಕಿ ಮುಂಬಯಿಗೆ ಮರಳುವಾಗಲೂ ಇದೇ ನಿಯಮ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆ ನಮ್ಮದೇ. ಮುರಿದ ವಾಲ್ವ್ ಬದಲಿಸಿದ ದಿನ, ನಾವು ಕೆಳಗಿನ ಮನೆಯ ಚಾವಣಿಗೂ ಬಣ್ಣ ಬಳಿಸಿ ಕೊಟ್ಟೆವು. ಈಗ ಪ್ರತಿ ಮೇ ತಿಂಗಳಲ್ಲಿ ಹೊರಡುವ ಮುನ್ನ ಆ ತಾಯಿಯ ಬಾಗಿಲು ತಟ್ಟಿ, ನೀರು ನಿಲ್ಲಿಸಿದ್ದೇವೆ ಎಂದು ಹೇಳಿಯೇ ಹೊರಡುತ್ತೇವೆ. ಈ ಬೇಸಿಗೆಯಲ್ಲಿ ಊರಿಗೆ ಹೊರಡುವ ಓದುಗ ಮಿತ್ರರೂ ಗಂಟುಮೂಟೆ ಕಟ್ಟುವ ಮುನ್ನ ಒಮ್ಮೆ ವಾಲ್ವಿನತ್ತ ಕೈಚಾಚಲಿ ಎಂಬುದೇ ನಮ್ಮ ವಿನಂತಿ.