ಕಪಿಲೆಯ ಬಾನಿ, ನಡುವಿನ ಸಂಚಿ

ಕೈಚೀಲವೊಂದು ಹಲವು ವರ್ಷ ಬಾಳಬೇಕಾದರೆ ಅದನ್ನು ಹೇಗೆ ನೋಡಿಕೊಳ್ಳಬೇಕೆಂಬ ಪ್ರಶ್ನೆ ಇಂದು ಪಟ್ಟಣದ ಅಂಗಡಿಯ ಮುಂದೆ ಹುಟ್ಟಿದುದೆಂದು ತೋರಿದರೂ, ಹೊಸಕೋಟೆ ತಾಲ್ಲೂಕಿನ ತೆಂಕಣ ಸೆರಗಿನಲ್ಲಿರುವ ಅನುಗೊಂಡನಹಳ್ಳಿ ಹೋಬಳಿಯಂಥ ಬಯಲುಸೀಮೆಯ ಊರುಗಳಲ್ಲಿ ಅದು ಒಂದಾನೊಂದು ಕಾಲಕ್ಕೆ ಬೆಳೆಯ ಪ್ರಶ್ನೆಯಾಗಿತ್ತು. ಏಕೆಂದರೆ ಅಲ್ಲಿನ ಎಲ್ಲಕ್ಕಿಂತ ದೊಡ್ಡ ಚೀಲವು ದಿನವೂ ಬಾವಿಗಿಳಿದು ನೀರು ಹೊತ್ತು ಮೇಲೇರುತ್ತಿತ್ತು. ಅದೇ ಕಪಿಲೆಯ ಬಾನಿ.

ಸುಗಟೂರಿನ ತಮ್ಮೇಗೌಡನು 1595ರ ಸುಮಾರಿಗೆ ಹೊಸದಾಗಿ ಕಟ್ಟಿಸಿದ ಕೋಟೆಯಿಂದ ಹೆಸರು ಪಡೆದ ಹೊಸಕೋಟೆಯ ಈ ಸೀಮೆಗೆ ದಕ್ಷಿಣ ಪಿನಾಕಿನಿಯೇ ಮುಖ್ಯ ನದಿ. ಅದೂ ಮಳೆಯನ್ನು ನಂಬಿದ ನದಿ. ಕೆರೆಯ ಅಚ್ಚುಕಟ್ಟಿಗೆ ಒಳಪಡದ ತೋಟ ತುಡಿಕೆಗಳಿಗೆ ಬಾವಿಯೇ ಗತಿಯಾಗಿದ್ದುದರಿಂದ, ಬೆಳಗಿನ ಜಾವಕ್ಕೇ ಕಪಿಲೆ ಹೂಡಿ, ಎತ್ತುಗಳನ್ನು ಇಳಿಜಾರಿನಲ್ಲಿ ನಡೆಸಿ, ಮಿಣಿಯ ಮೇಲೆ ತಾನೂ ಕುಳಿತು ಭಾರ ಕೊಡುತ್ತ ಹಾಡುವ ಒಕ್ಕಲಿನವನ ದನಿ ಇಲ್ಲಿಯ ನಸುಕಿನ ಸಾಮಾನ್ಯ ಧ್ವನಿಯಾಗಿತ್ತು. ಬಾನಿಯ ರಚನೆಯಲ್ಲಿದ್ದ ಬುದ್ಧಿವಂತಿಕೆ ನಿಜಕ್ಕೂ ಮೆಚ್ಚತಕ್ಕುದು. ಕಬ್ಬಿಣದ ಬಳೆಗೆ ಬಿಗಿದ ದೊಡ್ಡ ತೊಗಲಿನ ಚೀಲ. ಅದರ ಅಡಿಯಲ್ಲಿ ಆನೆಯ ಸೊಂಡಿಲಿನಂತೆ ನೀಳವಾಗಿ ಇಳಿದ, ತುದಿ ತೆರೆದಿರುವ ತೊಗಲಿನ ಕೊಳವೆ. ದಪ್ಪನೆಯ ಮಿಣಿ ಮೇಲಿನ ರಾಟೆಯ ಮೂಲಕ ಬಳೆಯನ್ನೂ, ತೆಳುವಾದ ಹಗ್ಗ ಕೆಳಗಿನ ಉರುಳೆಯ ಮೂಲಕ ಸೊಂಡಿಲಿನ ತುದಿಯನ್ನೂ ಹಿಡಿದಿರುತ್ತಿದ್ದುವು. ಬಾವಿಯೊಳಗಿರುವಷ್ಟು ಹೊತ್ತು ಸೊಂಡಿಲು ಮೇಲ್ಮುಖವಾಗಿ ಮಡಿಸಿಕೊಂಡಿದ್ದು ಹನಿ ನೀರನ್ನೂ ಚೆಲ್ಲಗೊಡದೆ, ಚೀಲವು ಕಟ್ಟೆಯ ಮಟ್ಟಕ್ಕೆ ಬಂದೊಡನೆ ತಾನಾಗಿಯೇ ಮುಂದಕ್ಕೆ ಚಾಚಿಕೊಂಡು ತೊಟ್ಟಿಗೆ ನೀರು ಸುರಿಯುತ್ತಿತ್ತು. ಮುಂದೆ ಬಾನಿಯ ಒಡಲಿಗೆ ಕಬ್ಬಿಣದ ತಗಡು ಬಂದರೂ ಸೊಂಡಿಲು ಮಾತ್ರ ತೊಗಲಿನದಾಗಿಯೇ ಉಳಿಯಿತು. ಹಾಗೆ ಮಡಿಯುವ ಗುಣ ತಗಡಿಗೆಲ್ಲಿಂದ ಬರಬೇಕು?

ಇಂಥ ಚೀಲದ ಬಾಳಿಕೆ ಆರಂಭವಾಗುತ್ತಿದ್ದುದು ಹೊಲಿಗೆಗೆ ಬಹಳ ಮುಂಚೆ, ತೊಗಲಿನ ಹದದಲ್ಲಿ. ಹಸಿಯ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಯಿಟ್ಟು, ಕೂದಲು ಸಡಿಲವಾದ ಮೇಲೆ ಹೆರೆದು, ತೊಳೆದು, ಬಳಿಕ ತಂಗಡಿಯ ತೊಗಟೆಯ ರಸದಲ್ಲಿ ದಿನಗಟ್ಟಲೆ ಇಡುತ್ತಿದ್ದರು; ಕೆಲವೆಡೆ ಅಳಲೆಕಾಯಿಯನ್ನೂ ಬಳಸುತ್ತಿದ್ದರು. ಬೀಳುಭೂಮಿಯಲ್ಲಿ ಹಳದಿ ಹೂ ತಳೆದು ನಿಲ್ಲುವ ಆ ತಂಗಡಿಯ ಗಿಡ ದಕ್ಷಿಣ ಭಾರತದ ಚರ್ಮದ ಕಸುಬಿಗೆಲ್ಲ ಆಧಾರವಾಗಿತ್ತೆಂಬುದನ್ನು ಇಂದು ಅದರ ಪಕ್ಕದಲ್ಲೇ ನಡೆದುಹೋಗುವವರು ಬಲ್ಲರೋ ಇಲ್ಲವೋ. ಭಾರತದ ಹಳ್ಳಿಗಳಲ್ಲಿದ್ದ ಇನ್ನೊಂದು ಕ್ರಮದಲ್ಲಿ ಇಡೀ ತೊಗಲನ್ನೇ ಚೀಲವಾಗಿ ಹೊಲಿದು, ತೊಗಟೆಯನ್ನೂ ರಸವನ್ನೂ ಅದರೊಳಗೇ ತುಂಬಿ ತೂಗುಹಾಕುತ್ತಿದ್ದರು; ರಸವು ಒಳಗಿನಿಂದ ಹೊರಕ್ಕೆ ಮೆಲ್ಲಮೆಲ್ಲನೆ ಜಿನುಗುತ್ತ ತೊಗಲನ್ನು ಹದಕ್ಕೆ ತರುತ್ತಿತ್ತು. ನೆಲಕ್ಕೂ ಅಡುಗೆಗೂ ತೊಗಲಿಗೂ ನಮ್ಮವರು ಹದವೆಂಬ ಒಂದೇ ಮಾತನ್ನು ಬಳಸಿದುದರಲ್ಲಿ ಅನುಭವದ ಆಳವೇ ಇದೆ.

ಹದಗೊಂಡ ತೊಗಲಿಗೆ ಶತ್ರುಗಳು ಎರಡು: ಬಿಡದೆ ನೆನೆಯುವುದು, ಒಮ್ಮೆಲೇ ಒಣಗುವುದು. ನೀರಿನಲ್ಲಿ ನೆನೆಯುತ್ತಲೇ ಇದ್ದರೆ ತೊಗಲೊಳಗಿನ ತೊಗಟೆಯ ಸಾರವೂ ಜಿಡ್ಡೂ ಕರಗಿಹೋಗಿ ಕೊಳೆಯುತ್ತದೆ. ನೆನೆದುದನ್ನು ಬಿಸಿಲಿಗೆಸೆದರೆ ಮರದ ಚಕ್ಕೆಯಂತೆ ಸೆಟೆದು ಬಿರಿಯುತ್ತದೆ. ಆದುದರಿಂದ ಕೆಲಸ ಮುಗಿದ ಬಾನಿಯನ್ನು ನೆಳಲಿನಲ್ಲಿ ತೂಗಿ, ಇನ್ನೂ ತುಸು ತೇವವಿರುವಾಗಲೇ ಹರಳೆಣ್ಣೆ ತಿಕ್ಕಬೇಕು; ಮಡಿಕೆ ಬೀಳುವ ಕಡೆ, ಹೊಲಿಗೆಯ ಕಡೆ, ಉರುಳೆಗೆ ಉಜ್ಜುವ ಕಡೆ ಬೆರಳಿನಿಂದ ಒತ್ತಿ ಒತ್ತಿ ಹಚ್ಚಬೇಕು. ಇಲಿ ನಾಯಿಗಳಿಗೆ ಎಟುಕದಂತೆ ಎತ್ತರದ ಗೂಟವೇ ಅದರ ನೆಲೆ. ತೊಗಲಿನ ಕೈಚೀಲಕ್ಕೆ ಇಂದು ಯಾವ ತಜ್ಞನನ್ನು ಕೇಳಿದರೂ ಹೇಳುವುದು ಇದನ್ನೇ: ನೆಳಲು, ಗಾಳಿ, ಮಿತವಾದ ಜಿಡ್ಡು, ಸಕಾಲದ ಹೊಲಿಗೆ.

ಈ ಸಕಾಲದ ಹೊಲಿಗೆಯನ್ನು ಹಾಕುತ್ತಿದ್ದವರು ಊರಿನ ಮಾದಿಗ ಸಮುದಾಯದ ಕಸುಬುದಾರರು. ಹಳೆಯ ಮೈಸೂರು ಸೀಮೆಯ ಹನ್ನೆರಡು ಆಯಗಾರರಲ್ಲಿ ಅವರೂ ಸೇರಿದ್ದರು. ಬಾನಿ, ಮಿಣಿ, ಬಾರು, ಮೆಟ್ಟುಗಳನ್ನು ಮಾಡಿಕೊಟ್ಟು ವರ್ಷವಿಡೀ ದುರಸ್ತಿ ನೋಡಿಕೊಂಡುದಕ್ಕೆ ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯದ ಕಾಳು ಪಡೆಯುತ್ತಿದ್ದರು. ಮಾಡಿದವನೇ ಅದರ ಆಯುಷ್ಯಕ್ಕೂ ಹೊಣೆಯಾಗಿದ್ದ ಏರ್ಪಾಡು ಇದು. ಆದರೆ ಇದನ್ನು ಹೊಗಳಿ ಮುಂದೆ ಹೋಗಲು ನನ್ನ ಮನಸ್ಸು ಒಪ್ಪದು. ಯಾವನ ಕೈಯ ಚೀಲದಿಂದ ಊರಿನ ತೋಟಕ್ಕೆಲ್ಲ ನೀರುಂಟಾಯಿತೋ ಅವನು ಊರೊಳಗಿನ ಸೇದುವ ಬಾವಿಯಲ್ಲಿ ಬಿಂದಿಗೆ ಅದ್ದುವಂತಿರಲಿಲ್ಲ. ಅವನ ತೊಗಲು ಮುಟ್ಟಿದ ನೀರಿನಿಂದ ಬೆಳೆದ ಸೊಪ್ಪು ಒಳಮನೆಗೆ ಹೋದರೂ ಅವನು ಹೊಸ್ತಿಲಾಚೆಯೇ ನಿಲ್ಲಬೇಕಾಗಿತ್ತು. ಹನ್ನೆರಡನೆಯ ಶತಮಾನದ ಶರಣರ ನಡುವೆ ಮಾದಾರ ಚೆನ್ನಯ್ಯ, ಡೋಹಾರ ಕಕ್ಕಯ್ಯ, ಸಮಗಾರ ಹರಳಯ್ಯ ಎಂಬ ಹೆಸರುಗಳು ಪೂಜ್ಯವಾಗಿ ಬೆಳಗಿದ ನಾಡಿನಲ್ಲಿಯೇ ಹೀಗೆ ಶತಮಾನಗಳು ಕಳೆದುವೆಂಬುದು ಎದೆಯನ್ನು ನೋಯಿಸುವ ಮಾತು.

ಬಾವಿಯಿಂದ ಮನೆಗೆ ಬಂದರೆ ಸಿಕ್ಕುವುದು ಹೆಂಗಸರ ನಡುವಿನ ಸಂಚಿ. ಗಂಡಸರಿಗೆ ಹೆಗಲ ಮೇಲಿನ ಹಸುಬೆ, ಹಣಕ್ಕೆ ಹಮ್ಮಿಣಿ ಇದ್ದುವಾದರೂ ನಮ್ಮ ನಿಜವಾದ ಕೈಚೀಲ ಸಂಚಿಯೇ. ಅದಕ್ಕೆ ರಾಜಾಶ್ರಯದ ಗೌರವವೂ ಇದೆ: 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ರಾಣಿಯ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ, ಆ ಊಳಿಗವನ್ನೇ ಹೆಸರಿನೊಡನೆ ಧರಿಸಿ, ‘ಹದಿಬದೆಯ ಧರ್ಮ’ವನ್ನು ರಚಿಸಿ ಸಂಚಿ ಹೊನ್ನಮ್ಮನೆಂದು ಖ್ಯಾತಳಾದಳು. ಹಳ್ಳಿಯ ಸಂಚಿಯೊಂದನ್ನು ಕೈಯಲ್ಲಿ ಹಿಡಿದು ನೋಡಬೇಕು. ಹಳೆಯ ಸೀರೆಯ ಅಂಚು, ಕುಪ್ಪಸದ ಉಳಿಕೆ ಬಟ್ಟೆ; ಎಲೆಗೊಂದು, ಅಡಿಕೆಗೊಂದು, ಕಾಸಿಗೊಂದು ಎಂದು ಒಂದರ ಹಿಂದೊಂದು ಅರೆಗಳು; ಬಾಯಿಗೆ ಎಳೆದರೆ ಮುಚ್ಚುವ ದಾರ. ಸುಣ್ಣ ಬಟ್ಟೆಯನ್ನು ತಿನ್ನುವುದರಿಂದ ಅದಕ್ಕೆ ಪ್ರತ್ಯೇಕ ಡಬ್ಬಿ. ಮೂಲೆ ಸವೆದರೆ ತೇಪೆ, ತೇಪೆ ಸವೆದರೆ ಮೇಲೊಂದು ತೇಪೆ. ಹೀಗೆ ಮೊದಲ ಬಟ್ಟೆ ಯಾವುದೆಂದು ತಿಳಿಯದಾದ ಮೇಲೂ ಅದು ಅದೇ ಸಂಚಿಯಾಗಿ ಉಳಿಯುತ್ತಿತ್ತು.

1864ರಲ್ಲಿ ಬೆಂಗಳೂರು ದಂಡಿನಿಂದ ಜೋಲಾರ್‌ಪೇಟೆಗೆ ರೈಲು ಓಡತೊಡಗಿ ಮದರಾಸಿನ ಮಾರ್ಗ ತೆರೆದುದು ತೊಗಲಿನ ಕಸುಬಿಗೂ ಒಂದು ತಿರುವು. ಮದರಾಸಿನ ಕಡೆಯ ದೊಡ್ಡ ಕಾರ್ಖಾನೆಗಳು ತೊಗಲನ್ನೂ ತಂಗಡಿಯ ತೊಗಟೆಯನ್ನೂ ಬೇಡತೊಡಗಿದಾಗ ಹಳ್ಳಿಯ ಹದಗಾರನಿಗೆ ತನ್ನೂರಿನ ಕಚ್ಚಾ ಪದಾರ್ಥವೇ ತುಟ್ಟಿಯಾಯಿತು. ಇನ್ನೊಂದು ಸಂಗತಿ ಕಪಿಲೆಗೆ ನೇರವಾಗಿ ಸಂಬಂಧಿಸಿದ್ದು. 1903ರ ಸುಮಾರಿಗೆ ಮದರಾಸಿನಲ್ಲಿ ಆಲ್ಫ್ರೆಡ್ ಚಾಟರ್ಟನ್ ಕ್ರೋಮ್ ಲವಣದಿಂದ ತೊಗಲು ಹದಮಾಡುವ ಪ್ರಯೋಗ ನಡೆಸಿದಾಗ ಅವನ ಮುಂದಿದ್ದ ಉದ್ದೇಶಗಳಲ್ಲೊಂದು ನೀರಿಗೆ ಕೊಳೆಯದ ಕಪಿಲೆಯ ಚೀಲ. ಅವನೇ ಮುಂದೆ ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಮೈಸೂರಿನ ಕೈಗಾರಿಕಾ ಇಲಾಖೆಯನ್ನು ನಡೆಸಿದನು. ಇಂದಿನ ಬಹುಪಾಲು ತೊಗಲಿನ ಕೈಚೀಲಗಳು ಕ್ರೋಮ್ ಹದದವೇ ಆಗಿರುವಾಗ, ಆ ಹದ ನಮ್ಮ ಕಡೆಗೆ ಕಾಲಿಟ್ಟುದು ರೈತನ ಬಾವಿಯ ನೆಪದಿಂದೆಂಬುದು ನನಗೆ ಬಹಳ ಪ್ರಿಯವಾದ ಸಂಗತಿ.

ಬಳಿಕ ವಿದ್ಯುತ್ ಪಂಪು ಬಂದಿತು, ಕೊಳವೆಬಾವಿ ಬಂದಿತು, ನೀರು ಸಾವಿರ ಅಡಿಗೂ ಕೆಳಗಿಳಿಯಿತು. ಬಾನಿ ಗೂಟದಲ್ಲಿಯೇ ಒಣಗಿತು. ಚರ್ಮಕಾರರ ನೆರವಿಗೆಂದು ರಾಜ್ಯ ಸರ್ಕಾರ 1976ರಲ್ಲಿ ಸ್ಥಾಪಿಸಿದ ಲಿಡ್ಕರ್ ಸಂಸ್ಥೆ ಇಂದು ಕೈಚೀಲಗಳನ್ನೂ ಮಾರುತ್ತದೆ. ಊರಿನ ಹೆಣ್ಣುಮಕ್ಕಳು ಕೆಲಸಕ್ಕೆ ಹೋಗುವಾಗ ಹೆಗಲಿಗೆ ಹಾಕುವ ಚೀಲ ಹೆಚ್ಚಾಗಿ ರೆಕ್ಸಿನ್ನಿನದು; ಬಟ್ಟೆಯ ಮೇಲಿನ ಪ್ಲಾಸ್ಟಿಕ್ಕಿನ ಆ ಪದರಕ್ಕೆ ಎಣ್ಣೆ ಹಿಡಿಯದು, ಸುಲಿಯತೊಡಗಿದರೆ ಮತ್ತೆ ಕೂಡದು. ಆದರೂ ಹಿಡಿ ಕಿತ್ತಾಗ ಅದನ್ನು ರಸ್ತೆಯಂಚಿನ ಮರದಡಿ ಕುಳಿತ ಚಮ್ಮಾರನ ಬಳಿಗೇ ಒಯ್ಯಬೇಕು. ಅವನು ದಾರಕ್ಕೆ ಮೇಣ ಸವರಿ, ಒಂದೇ ತೂತಿನಲ್ಲಿ ಎರಡು ಕಡೆಯಿಂದ ಎರಡು ಎಳೆಗಳನ್ನು ದಾಟಿಸಿ, ಎರಡು ಕೈಗಳನ್ನೂ ಚಾಚಿ ಬಿಗಿಯುತ್ತಾನೆ; ಒಂದು ಎಳೆ ಹರಿದರೂ ಇನ್ನೊಂದು ಹಿಡಿದಿರಲೆಂದು.