ನೀರಿನ ಶೂ ಅಟ್ಟೆ ಬಾಯಿ ಬಿಡೋ ಹಳೇ ಕಥೆ

ಹೊಳೆಗಿಳಿದು ಮೀನು ಹಿಡಿಯೋ ಶೂ ಇರಲಿ, ಕೆಸರು ಗದ್ದೆಗೆ ಹಾಕೋ ಶೂ ಇರಲಿ, ಹಾಳಾಗೋದು ಹೆಚ್ಚಾಗಿ ಒಂದೇ ಕಡೆ. ಮೇಲಿನ ಭಾಗ ಗಟ್ಟಿಯಾಗೇ ಇರುತ್ತೆ, ಅಟ್ಟೆ ಮಾತ್ರ ಮುಂದುಗಡೆ ಬಾಯಿ ಬಿಡುತ್ತೆ. ಮಳೆಗಾಲ ಹತ್ರ ಬಂತು, ಎಲ್ಲರೂ ಅಟ್ಟದ ಮೇಲಿಂದ ಹಳೇ ಜೋಡಿ ಇಳಿಸ್ತೀರಿ. ರಿಪೇರಿಗೆ ಮುಂಚೆ ಈ ಬಾಯಿ ಮುಚ್ಚೋಕೆ ಹಿಂದಿನವರು ಎಷ್ಟು ಒದ್ದಾಡಿದಾರೆ ಅಂತ ಸ್ವಲ್ಪ ಓದಿ.

ಬರೀ ರಬ್ಬರ್ ಹಾಲಿನ ಸಾಮಾನು ಬಿಸಿಲಿಗೆ ಅಂಟಂಟು, ಚಳಿಗೆ ಬಿರುಕು. ಅದಕ್ಕೆ ಗಂಧಕ ಸೇರಿಸಿ ಕಾಯಿಸಿದ್ರೆ ಸರಿಹೋಗುತ್ತೆ ಅಂತ 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ, 1844ರಲ್ಲಿ ಪೇಟೆಂಟ್ ಸಿಕ್ತು. 1853ರಲ್ಲಿ ಹಿರಾಮ್ ಹಚಿನ್ಸನ್ ಅನ್ನೋನು ಫ್ರಾನ್ಸಿನಲ್ಲಿ ರಬ್ಬರ್ ಬೂಟಿನ ಕಾರ್ಖಾನೆ ಹಾಕಿದ. ಮರದ ಮೆಟ್ಟು ಹಾಕ್ಕೊಂಡು ಹೊಲಕ್ಕೆ ಹೋಗ್ತಿದ್ದ ಅಲ್ಲಿನ ರೈತರ ಕಾಲು ಒಣಗಿದ್ದು ಆಮೇಲೆ. ನಮ್ಮ ಗಮ್ ಬೂಟೂ ಅದೇ ವಂಶದ್ದು.

ನನಗೆ ಬಹಳ ಹಿಡಿಸಿದ್ದು ಜಪಾನಿನ ಕಥೆ. ಅಲ್ಲಿನ ಕೂಲಿಯವರು, ರೈತರು ಭತ್ತದ ಹುಲ್ಲು ಹೊಸೆದು ಮಾಡಿದ ವಾರಾಜಿ ಅನ್ನೋ ಮೆಟ್ಟು ಹಾಕ್ತಿದ್ರು. ಬೇಗ ಸವೆದು ಹೋಗ್ತಿತ್ತು, ಮೊಳೆ ಚುಚ್ಚಿದ್ರೆ ತಡೆಯೋ ಶಕ್ತಿನೂ ಇರಲಿಲ್ಲ. ಕುರುಮೆ ಊರಿನ ಶೋಜಿರೋ ಇಶಿಬಾಶಿ ಮನೆಯವರದ್ದು ತಾಬಿ ಹೊಲಿಯೋ ಕಸುಬು. ತಾಬಿ ಅಂದ್ರೆ ಹೆಬ್ಬೆರಳಿಗೆ ಬೇರೆ ಜಾಗ ಇರೋ ಬಟ್ಟೆ ಕಾಲುಚೀಲ. ಅದಕ್ಕೆ ರಬ್ಬರ್ ಅಟ್ಟೆ ಹಾಕೋದನ್ನ ಬೇರೆಯವರು ಆಗಲೇ ಮಾಡಿದ್ರು, ಆದ್ರೆ ಹೊಲಿಗೆ ಹಾಕಿ. ನೆಲಕ್ಕೆ ಉಜ್ಜಿ ದಾರ ಹರಿದ್ರೆ ಅಟ್ಟೆ ಕೈಗೆ ಬರ್ತಿತ್ತು. ಇಶಿಬಾಶಿ ಹೊಲಿಗೆ ಬಿಟ್ಟು ರಬ್ಬರನ್ನ ಬಟ್ಟೆಗೇ ಅಂಟಿಸೋ ದಾರಿ ಹಿಡಿದ. ಕಲ್ಲಿದ್ದಲು ಗಣಿಯ ಕೆಲಸಗಾರರ ಕಾಲಿಗೆ ಹಾಕಿಸಿ ಪರೀಕ್ಷೆ ಮಾಡಿ, 1923ರಲ್ಲಿ ಮಾರಾಟಕ್ಕೆ ಬಿಟ್ಟ. ಜಿಕಾತಾಬಿ ಅಂತ ಅದರ ಹೆಸರು. ಗದ್ದೆ, ಗಣಿ, ಹೊಳೆ, ಎಲ್ಲಾ ಕಡೆ ಹೋಯ್ತು. ಅದೇ ರಬ್ಬರಿನ ಅನುಭವದಿಂದ ಆತ 1931ರಲ್ಲಿ ಟೈರ್ ಕಂಪನಿ ಮಾಡಿದ. ಇಶಿ ಅಂದ್ರೆ ಕಲ್ಲು, ಬಾಶಿ ಅಂದ್ರೆ ಸೇತುವೆ. ತಿರುಗಿಸಿ ಇಂಗ್ಲಿಷಿಗೆ ಹಾಕಿದ್ರೆ ಬ್ರಿಡ್ಜ್‌ಸ್ಟೋನ್! ಅಲ್ಲಿ ಶೂನಿಂದ ಟೈರ್ ಹುಟ್ಟಿತು, ನಮ್ಮಲ್ಲಿ ಸವೆದ ಟೈರ್ ಕೊಯ್ದು ಚಪ್ಪಲಿ ಮಾಡಿದ್ರು.

ಅಂಟಿನ ಸಮಸ್ಯೆ ಮುಗೀತು, ಪಾಚಿ ಕಲ್ಲಿನ ಜಾರಿಕೆ ಉಳೀತು. ಅದಕ್ಕೆ ಮೀನು ಹಿಡಿಯೋರ ಶೂಗೆ ಫೆಲ್ಟ್ ಅಟ್ಟೆ ಬಂತು. ಕಂಬಳಿ ಥರದ್ದು, ನೆಯ್ದಿದ್ದಲ್ಲ, ಒತ್ತಿ ಗಟ್ಟಿ ಮಾಡಿದ್ದು. ಕಲ್ಲಿನ ಮೇಲೆ ಹಿಡಿತ ಚೆನ್ನಾಗಿದೆ, ಆದ್ರೆ ಸ್ಪಂಜಿನ ಹಾಗೆ ನೀರು ಹೀರಿಕೊಂಡು ದಿನಗಟ್ಟಲೆ ಒಣಗಲ್ಲ. 2004ರಲ್ಲಿ ನ್ಯೂಜಿಲೆಂಡಿನ ಒಂದು ಹೊಳೇಲಿ ಡಿಡಿಮೊ ಅನ್ನೋ ಪಾಚಿ ಕಾಣಿಸ್ತು. ಒಂದು ಹನಿ ನೀರಲ್ಲಿ ಇನ್ನೊಂದು ಹೊಳೆಗೆ ಹೋಗಬಲ್ಲ ಜೀವ ಅದು. 2008ರಲ್ಲಿ ಆ ದೇಶ ಮೀನು ಹಿಡಿಯೋರಿಗೆ ಫೆಲ್ಟ್ ಅಟ್ಟೆಯನ್ನೇ ನಿಷೇಧ ಮಾಡ್ತು. ಬೇರೆ ಶೂನೂ ಶೇಕಡಾ 5ರ ಪಾತ್ರೆ ತೊಳೆಯೋ ಸೋಪಿನ ನೀರಲ್ಲಿ ನೆನೆಸಿ ಅಥವಾ ಪೂರ್ತಿ ಒಣಗಿದ ಮೇಲೆ ಇನ್ನೂ 48 ಗಂಟೆ ಬಿಟ್ಟು ಇನ್ನೊಂದು ಹೊಳೆಗಿಳೀರಿ ಅಂತ ಆಗ ಹೇಳ್ತಿದ್ರು.

ಇದು ನಮಗೇನು ಅಂತೀರಾ? ಶುಂಠಿಯ ದುಂಡಾಣು ಸೊರಗು ರೋಗ ಮಣ್ಣಲ್ಲೇ ಇರೋದು. ಒಂದು ಹೊಲದ ಕೆಸರು ಅಟ್ಟೆಗೆ ಅಂಟಿಕೊಂಡು ಇನ್ನೊಂದಕ್ಕೆ ಹೋಗುತ್ತೆ. ಅದಕ್ಕೇ ಹಳೇ ಶೂಗೆ ಹೊಸ ಅಟ್ಟೆ ಹಾಕಿಸೋರು ಫೆಲ್ಟ್, ಸ್ಪಂಜು ಬೇಡ ಅನ್ನಿ. ತೊಳೆದ್ರೆ ಮಣ್ಣು ಬಿಡೋ ರಬ್ಬರ್ ಹಾಕಿಸಿ. ಹಳೇ ಅಂಟು ಪೂರ್ತಿ ಕೆರೆದು, ಉಪ್ಪುಕಾಗದ ಉಜ್ಜಿ, ಚೆನ್ನಾಗಿ ಒಣಗಿಸಿ. ಸಲ್ಯೂಷನ್ ಎರಡೂ ಕಡೆ ಬಳೀಬೇಕು, ಬೆರಳಿಗೆ ಅಂಟದಷ್ಟು ಆರಿದ ಮೇಲೇ ಒತ್ತಬೇಕು. ಹಸಿ ಇರುವಾಗಲೇ ಒತ್ತಿದ್ರೆ ವಾರ ಬಾಳಲ್ಲ. ಆಮೇಲೆ ಬೇಕಾದ್ರೆ ಚಪ್ಪಲಿ ಹೊಲಿಯೋರ ಹತ್ರ ಪಕ್ಕದಲ್ಲಿ ಒಂದು ಸುತ್ತು ನೈಲಾನ್ ದಾರ ಹಾಕಿಸಿ, ತಳದಲ್ಲಿ ಬೇಡ, ಅಲ್ಲಿ ದಾರ ಸವೆಯುತ್ತೆ. ಒಣಗಿಸೋದು ನೆರಳಲ್ಲಿ. ಒಲೆ ಪಕ್ಕ ಇಟ್ರೆ ಅಂಟು ಮತ್ತೆ ಮೆತ್ತಗಾಗಿ ಬಿಡುತ್ತೆ.